ಇಸ್ಲಾಮಿನಲ್ಲಿ ದೈವಸಂಕಲ್ಪವೂ ಮಾನವ ಸ್ವಾತಂತ್ರ್ಯವೂ

ಕನ್ನಡದಲ್ಲಿ ನಾವು ದಿನವೂ ಆಡುವ ಮಾತುಗಳಲ್ಲಿ 'ನಸೀಬು' ಎಂಬುದೊಂದು. ಬೆಳೆ ಕೈಗೆ ಬಂದರೂ ನಸೀಬು, ಬಾರದೆ ಹೋದರೂ ನಸೀಬು; ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹುಡುಗನೂ ಅದನ್ನೇ ಹೇಳುತ್ತಾನೆ. ಈ ಮಾತು ಅರಬ್ಬಿಯಲ್ಲಿ ಹುಟ್ಟಿ ಪಾರಸಿಯ ಮೂಲಕ ದಖ್ಖಣಕ್ಕೆ ಇಳಿದು ನಮ್ಮದಾದದ್ದು. ಅದರ ಜೊತೆಯಲ್ಲಿಯೇ ಬಂದದ್ದು 'ಕಿಸ್ಮತ್ತು'. ಮೂಲದಲ್ಲಿ ನಸೀಬು ಎಂದರೆ ಪಾಲು, ಕಿಸ್ಮತ್ತು ಎಂದರೆ ಹಂಚಿಕೆ, ಇಷ್ಟೆ. ಹಂಚಿದವನೊಬ್ಬನುಂಟು, ಪಾಲು ಪಡೆದವನೊಬ್ಬನುಂಟು. ಬಂದ ಪಾಲನ್ನು ಪಡೆದವನು ಏನು ಮಾಡಬೇಕೆಂಬ ವಿಷಯದಲ್ಲಿ ಶಬ್ದವು ಮೌನವಾಗಿದೆ. ನಾವು ಆ ಮೌನವನ್ನು ನಮ್ಮ ಹಣೆಬರಹದ ಕಲ್ಪನೆಯಿಂದ ತುಂಬಿಕೊಂಡು, ಮುಸಲ್ಮಾನರ ಧರ್ಮವೆಂದರೆ ಎಲ್ಲವೂ ಮೊದಲೇ ಬರೆದಿಟ್ಟದ್ದೆಂದು ನಂಬುವ ಧರ್ಮವೆಂಬುದಾಗಿ ಭಾವಿಸಿಬಿಟ್ಟಿದ್ದೇವೆ.

ಈ ಭಾವನೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಯೂರೋಪಿನ ದೊಡ್ಡ ವಿದ್ವಾಂಸರಲ್ಲಿಯೂ ಅದು ಬೇರೂರಿತ್ತು. ಜರ್ಮನ್ ತತ್ತ್ವಜ್ಞನಾದ ಲೈಬ್ನಿಟ್ಸನು ೧೭೧೦ರಲ್ಲಿ ಪ್ರಕಟವಾದ ತನ್ನ 'ಥಿಯೊಡಿಸಿ' ಎಂಬ ಗ್ರಂಥದ ಪೀಠಿಕೆಯಲ್ಲಿ, ವಿಧಿವಾದದ ಒಂದು ಬಗೆಗೆ ಮಹಮ್ಮದೀಯ ವಿಧಿಯೆಂದೇ ಹೆಸರಿಟ್ಟಿದ್ದಾನೆ. ತುರ್ಕರು ಅಪಾಯದಿಂದ ದೂರ ಸರಿಯುವುದಿಲ್ಲವಂತೆ, ಪ್ಲೇಗು ಹೊಕ್ಕ ಊರನ್ನು ಕೂಡ ಬಿಟ್ಟು ಹೋಗುವುದಿಲ್ಲವಂತೆ. ಅದಕ್ಕಾಗಿ ಈ ಹೆಸರು. ಸ್ವತಃ ನೋಡಿ ಬರೆದ ಮಾತಲ್ಲ, ಕೇಳಿ ಬರೆದ ಮಾತು. ಆದರೂ ಅದು ಎರಡು ನೂರು ವರ್ಷಕ್ಕಿಂತ ಹೆಚ್ಚುಕಾಲ ಪಾಠಪುಸ್ತಕಗಳಿಂದ ಪಾಠಪುಸ್ತಕಗಳಿಗೆ ದಾಟುತ್ತ ಬಂದಿತು. ಇಂಗ್ಲಿಷಿನಲ್ಲಿ ಓದಿದ ನಮ್ಮಂಥವರು ಇಸ್ಲಾಮನ್ನು ಮೊದಲು ಕಂಡದ್ದು ಬಹುಮಟ್ಟಿಗೆ ಇಂಥ ಪುಸ್ತಕಗಳ ಕಿಟಕಿಯಿಂದಲೇ.

ಲೈಬ್ನಿಟ್ಸನು ಪ್ಲೇಗಿನ ಉದಾಹರಣೆಯನ್ನು ಆರಿಸಿಕೊಂಡದ್ದು ವಿಚಿತ್ರವಾದ ಸಂಗತಿ. ಏಕೆಂದರೆ ಇಸ್ಲಾಮಿನ ಇತಿಹಾಸದಲ್ಲಿ ದೈವಸಂಕಲ್ಪವನ್ನು ಕುರಿತ ಅತ್ಯಂತ ಪ್ರಸಿದ್ಧವಾದ ಮಾತು ಹುಟ್ಟಿದ್ದೂ ಒಂದು ಪ್ಲೇಗಿನ ಸಂದರ್ಭದಲ್ಲಿಯೇ. ಪೈಗಂಬರರು ಕಾಲವಾದದ್ದು ೬೩೨ರಲ್ಲಿ. ಅದಾದ ಆರೇಳು ವರ್ಷಗಳ ಮೇಲೆ ಎರಡನೆಯ ಖಲೀಫರಾದ ಉಮರರು ಮದೀನದಿಂದ ಸಿರಿಯ ದೇಶಕ್ಕೆ ಹೊರಟರು. ಗಡಿಯ ಬಳಿ ಸರ್ಗ್ ಎಂಬ ಸ್ಥಳದಲ್ಲಿ ಸೇನಾಪತಿಗಳು ಎದುರುಬಂದು, ಸಿರಿಯದಲ್ಲಿ ಪಿಡುಗು ಹಬ್ಬಿದೆಯೆಂದು ತಿಳಿಸಿದರು. ಮುಂದುವರಿಯಬೇಕೇ, ಹಿಂದಿರುಗಬೇಕೇ? ಉಮರರು ಮೊದಲು ಹಿರಿಯ ಅನುಯಾಯಿಗಳನ್ನು ಕರೆದು ಕೇಳಿದರು, ಅವರಲ್ಲಿ ಒಮ್ಮತವಾಗಲಿಲ್ಲ. ಮದೀನದವರನ್ನು ಕರೆದು ಕೇಳಿದರು, ಅವರಲ್ಲಿಯೂ ಆಗಲಿಲ್ಲ. ಕೊನೆಗೆ ಕುರೈಷ್ ಮನೆತನದ ವೃದ್ಧರು ಹಿಂದಿರುಗುವುದೇ ಸರಿಯೆಂದು ಒಂದೇ ಬಾಯಿಂದ ಹೇಳಲು, ಉಮರರು ಬೆಳಗಾದೊಡನೆ ಹೊರಡಲು ಅಪ್ಪಣೆಮಾಡಿದರು. ಆಗ ಸಿರಿಯದ ಸೇನಾಪತಿಯಾಗಿದ್ದ ಅಬೂ ಉಬೈದರು ಮುಂದೆ ಬಂದು, ದೇವರ ಕಟ್ಟಳೆಯಿಂದ ತಪ್ಪಿಸಿಕೊಂಡು ಓಡುವಿರೇನು ಎಂದು ಆಕ್ಷೇಪಿಸಿದರು. ಉಮರರ ಉತ್ತರದ ತಾತ್ಪರ್ಯವಿದು: ಓಡುವುದು ನಿಜ, ಆದರೆ ದೇವರ ಒಂದು ಕಟ್ಟಳೆಯಿಂದ ಆತನದೇ ಇನ್ನೊಂದು ಕಟ್ಟಳೆಯ ಕಡೆಗೆ. ಒಂಟೆಗಳನ್ನು ಹೊಡೆದುಕೊಂಡು ನೀವು ಒಂದು ಕಣಿವೆಗೆ ಇಳಿಯುತ್ತೀರಿ. ಒಂದು ಮಗ್ಗುಲು ಹಸುರು, ಇನ್ನೊಂದು ಬರಡು. ಹಸುರಿನಲ್ಲಿ ಮೇಯಿಸಿದರೂ ದೇವರ ಕಟ್ಟಳೆಯೇ, ಬರಡಿನಲ್ಲಿ ಮೇಯಿಸಿದರೂ ದೇವರ ಕಟ್ಟಳೆಯೇ ಅಲ್ಲವೆ?

ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದ ಅಬ್ದುರ್ರಹಮಾನ್ ಇಬ್ನ್ ಔಫರು ಬಂದು, ಪಿಡುಗಿರುವ ನಾಡನ್ನು ಹೊಗಬೇಡಿರಿ, ಇರುವ ನಾಡಿನಲ್ಲಿ ಪಿಡುಗು ಬಂದರೆ ಓಡಿಹೋಗಬೇಡಿರಿ ಎಂಬ ಅರ್ಥದ ಮಾತನ್ನು ಪೈಗಂಬರರ ಬಾಯಿಂದ ತಾವು ಕೇಳಿದುದಾಗಿ ಹೇಳಿದರು. ಉಮರರು ಮದೀನಕ್ಕೆ ಮರಳಿದರು. ಅಬೂ ಉಬೈದರು ತಮ್ಮ ಸೈನ್ಯದೊಡನೆ ಸಿರಿಯದಲ್ಲಿಯೇ ಉಳಿದು, ಹಿಜರಿ ೧೮ರಲ್ಲಿ, ಅಂದರೆ ೬೩೯ರಲ್ಲಿ, ಆ ಪಿಡುಗಿಗೇ ತುತ್ತಾದರು. ಮುಸಲ್ಮಾನ ಸಂಪ್ರದಾಯವು ಇಬ್ಬರನ್ನೂ ಗೌರವಿಸುತ್ತದೆ. ಯಾರು ಸರಿ ಎಂದು ಕೇಳಿದರೆ, ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ಸರಿಯೆನ್ನುವವರೇ ಹೆಚ್ಚು. ನಮಗೆ ಇಲ್ಲಿ ಮುಖ್ಯವಾದುದು ಬೇರೆ: ಕಟ್ಟಳೆಯನ್ನು ನಂಬಿದ ಮಾತ್ರಕ್ಕೆ ಕಣಿವೆಯ ಯಾವ ಮಗ್ಗುಲೆಂದು ನೋಡುವ ಹೊಣೆ ಕುರುಬನಿಂದ ಇಳಿದುಹೋಗುವುದಿಲ್ಲವೆಂಬುದು ಖಲೀಫರ ಅಭಿಪ್ರಾಯ. ತಾತ್ತ್ವಿಕವಾಗಿ ಇದು ಸಮಸ್ಯೆಯನ್ನು ಬಿಡಿಸಿತೆಂದು ನಾವು ಹೇಳಲಾರೆವು. ಆದರೆ ಒಂದು ದೊಡ್ಡ ರಾಜ್ಯವನ್ನು ಆಳುವವನಿಗೆ ಆ ಬೆಳಗಿನ ಮಟ್ಟಿಗೆ ಅದು ಸಾಕಾಗಿತ್ತು.

ಇನ್ನು ಮೂಲಗ್ರಂಥಕ್ಕೆ ಬರೋಣ. ಕುರಾನಿನಲ್ಲಿ ದೈವಸಂಕಲ್ಪದ ಸರ್ವಶಕ್ತತೆಯನ್ನು ಸಾರುವ ವಾಕ್ಯಗಳೂ ಇವೆ, ಮನುಷ್ಯನ ಹೊಣೆಯನ್ನು ಸಾರುವ ವಾಕ್ಯಗಳೂ ಇವೆ. ದೇವರು ಇಚ್ಛಿಸಿದ ಹೊರತು ನೀವು ಇಚ್ಛಿಸಲಾರಿರೆಂಬುದು ಒಂದು ಕಡೆ (೭೬:೩೦). ಸತ್ಯವು ನಿಮ್ಮ ಪ್ರಭುವಿನಿಂದ ಬಂದಿದೆ, ಬೇಕಾದವನು ನಂಬಲಿ, ಬೇಡವಾದವನು ಬಿಡಲಿ ಎಂಬ ಭಾವ ಇನ್ನೊಂದು ಕಡೆ (೧೮:೨೯). ಒಂದು ಜನಾಂಗವು ತನ್ನೊಳಗಿನದನ್ನು ತಾನೇ ಬದಲಾಯಿಸಿಕೊಳ್ಳುವ ತನಕ ದೇವರು ಅದರ ಸ್ಥಿತಿಯನ್ನು ಬದಲಾಯಿಸುವುದಿಲ್ಲವೆಂಬ ಅಭಿಪ್ರಾಯ ೧೩ನೆಯ ಅಧ್ಯಾಯದಲ್ಲಿದೆ. ೩೩ನೆಯ ಅಧ್ಯಾಯದ ಕೊನೆಯಲ್ಲಿ ಒಂದು ಗಂಭೀರವಾದ ಕಲ್ಪನೆ ಬರುತ್ತದೆ: 'ಅಮಾನತ್ತ'ನ್ನು, ಅಂದರೆ ನಂಬಿ ಒಪ್ಪಿಸುವ ನಿಕ್ಷೇಪವನ್ನು, ಆಕಾಶಕ್ಕೂ ಭೂಮಿಗೂ ಪರ್ವತಗಳಿಗೂ ನೀಡಲು ಅವು ಹೆದರಿ ಹಿಂಜರಿದವಂತೆ, ಮನುಷ್ಯನು ಹೊತ್ತುಕೊಂಡನಂತೆ. ನಮ್ಮ ಕಚೇರಿಗಳಲ್ಲಿ 'ಅಮಾನತ್ತು' ಎಂಬ ಈ ಶಬ್ದವೇ ಕೆಲಸದಿಂದ ತಾತ್ಕಾಲಿಕವಾಗಿ ತೆಗೆದಿಡುವುದಕ್ಕೆ ಬಳಕೆಯಾಗುತ್ತಿರುವುದು ಭಾಷೆಯ ಒಂದು ವಿನೋದ. ವ್ಯಾಖ್ಯಾನಕಾರರಲ್ಲಿ ಅನೇಕರು ಈ ನಿಕ್ಷೇಪವೆಂದರೆ ವಿಧಿನಿಷೇಧಗಳ ಹೊಣೆಯೆಂದು ತಿಳಿದಿದ್ದಾರೆ. ಬೆಟ್ಟವು ಒಲ್ಲೆನೆಂದುದನ್ನು ಒಲ್ಲೆನೆನ್ನದೆ ಹೊತ್ತವನಿಗೆ ಒಲ್ಲೆನೆನ್ನುವ ಶಕ್ತಿಯೂ ಇದ್ದಿರಬೇಕಷ್ಟೆ.

ಎರಡು ಬಗೆಯ ವಾಕ್ಯಗಳೂ ಪವಿತ್ರವೇ ಆಗಿರುವಾಗ ಯಾವುದನ್ನು ಮುಂದೆಮಾಡುವುದು, ಯಾವುದನ್ನು ಅದರ ಬೆಳಕಿನಲ್ಲಿ ಓದುವುದು? ಈ ಚರ್ಚೆ ಓದುಗರ ಕೊಠಡಿಯಲ್ಲಿ ಮೊದಲಾಗಲಿಲ್ಲ, ಯುದ್ಧಭೂಮಿಯಲ್ಲಿ ಮೊದಲಾಯಿತು. ೬೫೭ರಲ್ಲಿ ಸಿಫ್ಫೀನ್ ಎಂಬಲ್ಲಿ ಖಲೀಫರಾದ ಅಲಿಯವರಿಗೂ ಸಿರಿಯದ ಅಧಿಪತಿಯಾದ ಮುಆವಿಯನಿಗೂ ಕದನವಾಗಿ, ಮಧ್ಯಸ್ಥರ ತೀರ್ಪಿಗೆ ಒಪ್ಪಿಸುವ ಮಾತಾಯಿತು. ತೀರ್ಪು ದೇವರೊಬ್ಬನದೇ, ಮನುಷ್ಯರನ್ನು ಮಧ್ಯಸ್ಥರನ್ನಾಗಿ ಮಾಡಿದುದು ಮಹಾಪಾಪವೆಂದು ಅಲಿಯವರ ಕಡೆಯ ಒಂದು ಗುಂಪು ಹೊರನಡೆಯಿತು. ಇವರೇ ಖಾರಿಜಿಗಳು. ಮಹಾಪಾಪ ಮಾಡಿದವನು ಮುಸಲ್ಮಾನನೇ ಅಲ್ಲವೆಂಬುದು ಅವರ ಸಿದ್ಧಾಂತ. ೬೬೧ರಲ್ಲಿ ಅಲಿಯವರನ್ನು ಕೊಂದವನು ಈ ಪಂಥದವನೇ. 'ಮುಸಲ್ಮಾನನೆಂದರೆ ಯಾರು?' ಎಂಬ ಪ್ರಶ್ನೆ ಹೀಗೆ ರಕ್ತದಲ್ಲಿ ಅದ್ದಿಕೊಂಡೇ ಹುಟ್ಟಿತು. ಪಾಪಿಯ ವಿಷಯದ ತೀರ್ಪನ್ನು ದೇವರಿಗೇ ಬಿಡತಕ್ಕದ್ದು, ಇಲ್ಲಿ ಅವನನ್ನು ಮುಸಲ್ಮಾನನೆಂದೇ ಎಣಿಸತಕ್ಕದ್ದು ಎಂದು ಮುರ್ಜಿಆ ಎಂಬ ಇನ್ನೊಂದು ಗುಂಪು ಹೇಳಿತು.

ಮುಆವಿಯನಿಂದ ಮೊದಲಾದ ಉಮಯ್ಯ ಅರಸರು ೬೬೧ರಿಂದ ೭೫೦ರವರೆಗೆ ದಮಾಸ್ಕಸ್ಸಿನಿಂದ ಆಳಿದರು. ತಮ್ಮ ಅಧಿಕಾರ ದೈವನಿಯಾಮಕವೆಂಬ ಮಾತು ಅವರಿಗೆ ಬಹಳ ಹಿತವಾಗಿತ್ತು. ಅರಸನು ಮಾಡುವುದೆಲ್ಲ ದೇವರ ಕಟ್ಟಳೆಯಾದರೆ ಪ್ರಜೆಗಳು ಕೇಳುವುದಕ್ಕೇನುಂಟು? ಬಸ್ರ ಪಟ್ಟಣದಲ್ಲಿ ಹಸನ್ ಎಂಬ ಮಹಾಸಾಧುವಿದ್ದರು (೭೨೮ರಲ್ಲಿ ಕಾಲವಾದರು). ಈ ದೊರೆಗಳು ರಕ್ತ ಸುರಿಸಿ, ಹಣ ಕಿತ್ತುಕೊಂಡು, ಇದೆಲ್ಲ ವಿಧಿಯೆನ್ನುತ್ತಾರಲ್ಲ ಎಂದು ಅವರನ್ನು ಕೇಳಿದಾಗ, ಅವರಾಡುವುದು ಸುಳ್ಳೆಂದು ಹಸನರು ನೇರವಾಗಿ ಹೇಳಿದರೆಂದು ಹಳೆಯ ಬರಹಗಳಲ್ಲಿ ಕಾಣುತ್ತದೆ. ಮನುಷ್ಯನಿಗೆ ತನ್ನ ಕೆಲಸದ ಮೇಲೆ ಅಧಿಕಾರವುಂಟೆಂದು ಬಹಿರಂಗವಾಗಿ ಬೋಧಿಸಿದ ಮಅಬದ್ ಎಂಬಾತನನ್ನು ೭೦೦ರ ಸುಮಾರಿಗೆ ಕೊಂದರು. ಘೈಲಾನ್ ಎಂಬಾತನನ್ನು ಖಲೀಫ ಹಿಷಾಮನ ಕಾಲದಲ್ಲಿ ಕೊಂದರು. ಇವರ ಗುಂಪಿಗೆ 'ಕದರಿಯ್ಯ' ಎಂದು ಹೆಸರು. 'ಕದರ್' ಎಂದರೆ ದೈವದ ಕಟ್ಟಳೆ. ಅದನ್ನು ಅಲ್ಲಗಳೆದವರಿಗೇ ಅದರ ಹೆಸರು ಅಂಟಿಕೊಂಡಿತು. ಹಾಗೆಂದು, ಸ್ವಾತಂತ್ರ್ಯವಾದಿಗಳೆಲ್ಲ ದಂಗೆಕೋರರು, ವಿಧಿವಾದಿಗಳೆಲ್ಲ ಆಸ್ಥಾನದವರು ಎಂದು ಲೆಕ್ಕಹಾಕಿದರೆ ತಪ್ಪಾದೀತು. ಗಾಳಿ ಬಂದತ್ತ ಹೋಗುವ ಗರಿಯಂತೆ ಮನುಷ್ಯನು ಪೂರ್ಣ ಪರಾಧೀನನೆಂದು ವಾದಿಸಿದವನೆಂದು ಹೆಸರಾದ ಜಹ್ಮನೂ ಒಂದು ದಂಗೆಯಲ್ಲಿ ಸೇರಿ ೭೪೬ರಲ್ಲಿ ಉಮಯ್ಯರ ಕೈಯಲ್ಲಿಯೇ ಸತ್ತನು.

ಹಸನರ ಪಾಠದ ಮಂಡಲದಿಂದ ಬೇರೆಯಾಗಿ ಹೋದ ವಾಸಿಲ್ ಎಂಬ ಶಿಷ್ಯನಿಂದ ಮುಅತಜಿಲ ಪಂಥ ಹುಟ್ಟಿತೆಂದು ಹೇಳುವುದುಂಟು. ಮಹಾಪಾಪಿಯು ವಿಶ್ವಾಸಿಯೂ ಅಲ್ಲ, ಅವಿಶ್ವಾಸಿಯೂ ಅಲ್ಲ, ನಡುವಣ ಸ್ಥಾನದಲ್ಲಿರುವವನೆಂದು ಆತನ ಮತ. ಈ ಪಂಥದವರು ತಮ್ಮನ್ನು ಏಕತೆ ಮತ್ತು ನ್ಯಾಯದ ಪಕ್ಷದವರೆಂದು ಕರೆದುಕೊಂಡರು. ಅವರ ವಾದಸರಣಿ ಸರಳವಾದುದು: ದೇವರು ನ್ಯಾಯವಂತ. ತಪ್ಪಿಸಿಕೊಳ್ಳಲಾಗದ ಕೆಲಸಕ್ಕಾಗಿ ಶಿಕ್ಷಿಸುವುದು ಅನ್ಯಾಯ. ಆದುದರಿಂದ ಮನುಷ್ಯನು ತನ್ನ ಕರ್ಮದ ಕರ್ತನು ತಾನೇ ಆಗಿರಬೇಕು. ಇಂದು ಇದನ್ನು ಓದಿದರೆ ಮನಸ್ಸು ಒಮ್ಮೆಗೇ ಒಪ್ಪಿಬಿಡುತ್ತದೆ. ಆದರೆ ಇದೇ ಪಂಥದವರ ಪ್ರಭಾವ ಹೆಚ್ಚಿದ್ದ ಕಾಲದಲ್ಲಿ, ೮೩೩ರಲ್ಲಿ, ಖಲೀಫ ಮಾಮೂನನು ಕುರಾನು ಸೃಷ್ಟವಾದುದು, ಅನಾದಿಯಲ್ಲ ಎಂಬ ಮತಕ್ಕೆ ನ್ಯಾಯಾಧೀಶರೂ ಪಂಡಿತರೂ ಒಪ್ಪಿಗೆ ಕೊಡಬೇಕೆಂದು ಆಜ್ಞೆಮಾಡಿ ವಿಚಾರಣೆಗಳನ್ನು ನಡೆಸಿದನು. ಒಪ್ಪದ ಅಹ್ಮದ್ ಇಬ್ನ್ ಹಂಬಲರು ಸೆರೆಯಾದರು, ಮುಂದಿನ ಖಲೀಫನ ಕಾಲದಲ್ಲಿ ಚಾಟಿಯ ಏಟು ತಿಂದರು, ಮಾತನ್ನು ಬದಲಾಯಿಸಲಿಲ್ಲ. ಮನುಷ್ಯನು ಸ್ವತಂತ್ರನೆಂದವರು ಬಲಾತ್ಕಾರಕ್ಕೆ ಕೈಹಾಕಿದರು. ಮನುಷ್ಯನ ಕೃತಿಯೆಲ್ಲ ದೈವಸೃಷ್ಟಿಯೆಂದವರು ತಮ್ಮ ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಬೆನ್ನು ಕೊಟ್ಟರು. ಜನರ ಪ್ರೀತಿ ಯಾವ ಕಡೆಗೆ ಹರಿಯಿತೆಂದು ಹೇಳಬೇಕಾಗಿಲ್ಲ. ಮುತವಕ್ಕಿಲನ ಆಳ್ವಿಕೆಯಲ್ಲಿ ಈ ವಿಚಾರಣೆಗಳು ನಿಂತವು.

ಮುಅತಜಿಲ ಪಂಥಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಒಳಗಿನಿಂದ. ಬಸ್ರದ ಅಬುಲ್ ಹಸನ್ ಅಲ್ ಅಷ್ಅರಿ (೮೭೪–೯೩೬) ಎಂಬುವರು ಅಲ್ ಜುಬ್ಬಾಈ ಎಂಬ ಮುಅತಜಿಲ ಗುರುವಿನ ಶಿಷ್ಯರಾಗಿದ್ದು, ನಲವತ್ತರ ವಯಸ್ಸಿನಲ್ಲಿ ಆ ಪಂಥವನ್ನು ಬಿಟ್ಟರು. ನಲವತ್ತು ದಾಟಿದವರಿಗೆ ಮತ ಬದಲಾಯಿಸುವುದು ಎಷ್ಟು ಕಷ್ಟವೆಂಬುದನ್ನು ನಮ್ಮಂಥವರು ಚೆನ್ನಾಗಿ ಬಲ್ಲೆವು. ಅವರು ಗುರುವಿಗೆ ಹಾಕಿದ ಪ್ರಶ್ನೆಯೊಂದು ಕಥೆಯಾಗಿ ಉಳಿದಿದೆ. ಮೂವರು ಸೋದರರಿದ್ದರು. ಒಬ್ಬನು ಧರ್ಮಿಷ್ಠನಾಗಿ ಸತ್ತನು, ಒಬ್ಬನು ಅವಿಶ್ವಾಸಿಯಾಗಿ ಸತ್ತನು, ಮೂರನೆಯವನು ಮಗುವಾಗಿರುವಾಗಲೇ ಸತ್ತನು. ಮೊದಲನೆಯವನಿಗೆ ಸ್ವರ್ಗ, ಎರಡನೆಯವನಿಗೆ ನರಕ. ಮಗುವಿಗೆ ಶಿಕ್ಷೆಯಿಲ್ಲ, ಆದರೆ ಪುಣ್ಯ ಮಾಡಿಲ್ಲವಾದುದರಿಂದ ಉನ್ನತ ಪದವಿಯೂ ಇಲ್ಲವೆಂದು ಗುರುವಿನ ಉತ್ತರ. ನನ್ನನ್ನೇಕೆ ಬದುಕಿಸಲಿಲ್ಲ, ನಾನೂ ಪುಣ್ಯ ಮಾಡುತ್ತಿದ್ದೆನಲ್ಲ ಎಂದು ಮಗು ಕೇಳಿದರೆ? ಬೆಳೆದಿದ್ದರೆ ಪಾಪಿಯಾಗುತ್ತಿದ್ದೆ, ನಿನ್ನ ಹಿತಕ್ಕಾಗಿ ಬೇಗ ಕರೆದುಕೊಂಡೆನೆಂದು ದೇವರು ಹೇಳುವನೆಂದರು ಗುರು. ಆಗ ನರಕದಲ್ಲಿರುವವನು ಕೂಗಿಕೊಳ್ಳುತ್ತಾನೆ: ಹಾಗಿದ್ದರೆ ನನ್ನನ್ನೂ ಮಗುವಾಗಿರುವಾಗಲೇ ಏಕೆ ಕರೆದುಕೊಳ್ಳಲಿಲ್ಲ? ಗುರುವಿನ ಬಾಯಿ ಕಟ್ಟಿಹೋಯಿತಂತೆ. ಇದು ನಡೆದುದೋ ಕಟ್ಟಿದುದೋ ಎಂದು ಚರಿತ್ರಕಾರರು ಸಂಶಯಪಡುತ್ತಾರೆ. ನಡೆಯದಿದ್ದರೂ ಪ್ರಶ್ನೆಯ ಮೊನೆ ಮೊಂಡಾಗುವುದಿಲ್ಲ. ದೇವರ ನ್ಯಾಯವನ್ನು ನಮ್ಮ ತಕ್ಕಡಿಯಲ್ಲಿ ತೂಗಹೊರಟರೆ ತಕ್ಕಡಿಯೇ ಮುರಿಯುತ್ತದೆಂಬುದು ಅದರ ಇಂಗಿತ.

ಅಷ್ಅರಿಯವರು ಕೊಟ್ಟ ಪರಿಹಾರಕ್ಕೆ 'ಕಸ್ಬ್', ಅಂದರೆ ಗಳಿಕೆ ಎಂದು ಹೆಸರು. ನಮ್ಮ 'ಕಸುಬು' ಈ ಶಬ್ದವೇ. ಎಲ್ಲ ಕೃತಿಗಳನ್ನೂ ಸೃಷ್ಟಿಸುವವನು ದೇವರು. ಆ ಕೃತಿಯನ್ನು ತನ್ನದಾಗಿ ಗಳಿಸಿಕೊಳ್ಳುವವನು ಮನುಷ್ಯ. ಸೃಷ್ಟಿ ಆತನದು, ಗಳಿಕೆ ಇವನದು, ಆದುದರಿಂದ ಹೊಣೆಯೂ ಇವನದು. ಚಳಿಯಿಂದ ನಡುಗುವ ಕೈಗೂ ಲೇಖನಿಯನ್ನೆತ್ತುವ ಕೈಗೂ ನಮ್ಮೊಳಗೇ ಒಂದು ವ್ಯತ್ಯಾಸ ತೋರುತ್ತದಷ್ಟೆ. ಆ ವ್ಯತ್ಯಾಸವೇ ಗಳಿಕೆಯ ಗುರುತು. ಈ ವಾದ ಎಷ್ಟು ಸೂಕ್ಷ್ಮವಾದುದೆಂದರೆ, ಹಿಡಿತಕ್ಕೆ ಸಿಕ್ಕದ ವಿಷಯವನ್ನು ಅಷ್ಅರಿಯ ಗಳಿಕೆಗಿಂತ ಸೂಕ್ಷ್ಮವೆನ್ನುವುದು ಅರಬ್ಬೀ ಪಂಡಿತರಲ್ಲಿ ಗಾದೆಯೇ ಆಯಿತು. ಸಮರಕಂದದ ಅಲ್ ಮಾತುರೀದಿ (ಮರಣ ೯೪೪) ಎಂಬುವರ ಮಾರ್ಗ ಇದಕ್ಕಿಂತ ಹೃದ್ಯವೆಂದು ನಮಗೆ ತೋರುತ್ತದೆ: ಕೃತಿಯನ್ನು ಸೃಷ್ಟಿಸುವವನು ದೇವರೇ ಆದರೂ ಆಯ್ಕೆಯು ಮನುಷ್ಯನಲ್ಲಿ ನಿಜವಾಗಿಯೂ ಇದೆ, ಅವನಿಗೆ ಕೊಟ್ಟಿರುವ ಶಕ್ತಿ ಒಳ್ಳೆಯದಕ್ಕೂ ಒದಗುತ್ತದೆ, ಅದರ ವಿರುದ್ಧಕ್ಕೂ ಒದಗುತ್ತದೆ. ಶಿಯಾ ಪಂಥದವರು, ೭೬೫ರಲ್ಲಿ ಕಾಲವಾದ ತಮ್ಮ ಆರನೆಯ ಇಮಾಮರಾದ ಜಾಫರ್ ಸಾದಿಕರ ಮಾತನ್ನು ಆಧಾರವಾಗಿ ಹಿಡಿದು, ಪೂರ್ಣ ನಿರ್ಬಂಧವೂ ಅಲ್ಲ, ಪೂರ್ಣ ಒಪ್ಪಿಸಿಬಿಡುವಿಕೆಯೂ ಅಲ್ಲ, ಎರಡರ ನಡುವಣದೆಂದು ನಿಂತರು.

ಈ ಭೇದಗಳು ನಮ್ಮ ನಾಡಿಗೂ ಬಂದಿವೆ. ಮೈಸೂರು ಸೀಮೆಯ ಮುಸಲ್ಮಾನರಲ್ಲಿ ಹೆಚ್ಚಿನವರು ಹನಫೀ ಸಂಪ್ರದಾಯದವರು; ಹನಫಿಗಳ ಸಿದ್ಧಾಂತ ಸಾಮಾನ್ಯವಾಗಿ ಮಾತುರೀದಿಯದು. ಭಟ್ಕಳದ ನವಾಯತರೇ ಮೊದಲಾದ ಕರಾವಳಿಯವರು ಕಡಲವ್ಯಾಪಾರದ ಹಾದಿಯಲ್ಲಿ ಬಂದ ಷಾಫಿಈ ಸಂಪ್ರದಾಯದವರು. ಷಾಫಿಈಗಳಲ್ಲಿ ಅಷ್ಅರಿಯ ಮತ ರೂಢಿಯಾದುದು. 'ಇನ್ಷಾ ಅಲ್ಲಾ' ಎಂಬ ಮಾತನ್ನು ಎರಡು ಕಡೆಯವರೂ ಆಡುತ್ತಾರೆ. ನಾಳೆ ಇದನ್ನು ಮಾಡುವೆನೆಂದು ಹೇಳುವಾಗ ದೇವರ ಇಚ್ಛೆಯನ್ನು ಸೇರಿಸದೆ ಹೇಳಬಾರದೆಂಬುದು ಕುರಾನಿನ ೧೮ನೆಯ ಅಧ್ಯಾಯದ ಉಪದೇಶ. ಆದರೆ 'ನಾನು ವಿಶ್ವಾಸಿ' ಎಂದು ಹೇಳುವಾಗಲೂ 'ಇನ್ಷಾ ಅಲ್ಲಾ' ಸೇರಿಸಬಹುದೇ? ಇಲ್ಲಿ ಎರಡು ಪಕ್ಷಗಳು ಬೇರೆಯಾದವು. ಕೊನೆಯ ಉಸಿರಿನವರೆಗೆ ಯಾರ ವಿಶ್ವಾಸ ನಿಲ್ಲುವುದೋ ದೇವರೊಬ್ಬನೇ ಬಲ್ಲ, ಆದುದರಿಂದ ಸೇರಿಸುವುದು ವಿನಯವೆಂದು ಷಾಫಿಈಗಳು. ವಿಶ್ವಾಸವೆಂದರೆ ಈ ಕ್ಷಣದ ನಿಶ್ಚಯ, ಅದಕ್ಕೆ ಷರತ್ತು ಹಾಕಿದರೆ ಸಂಶಯವೆಂದರ್ಥವಾಗುತ್ತದೆಂದು ಹನಫಿಗಳು. ಈ ಒಂದು ಮಾತಿಗಾಗಿ ಹಿಂದಿನ ಕೆಲವು ಹನಫೀ ಪಂಡಿತರು ಷಾಫಿಈಗಳೊಡನೆ ಮದುವೆಯ ಸಂಬಂಧ ಬೆಳೆಸಬಹುದೇ ಎಂದು ಶಂಕಿಸಿದ್ದೂ ಉಂಟು. ಒಳಪಂಗಡಗಳ ಮದುವೆಯ ತಕರಾರು ಯಾವ ಧರ್ಮದವರಿಗೂ ಹೊಸದಲ್ಲವಷ್ಟೆ.

ಪಂಡಿತರ ಚರ್ಚೆಗಿಂತ ಕವಿಗಳ ಕಥೆಗಳು ಜನರ ಮನಸ್ಸಿಗೆ ಬೇಗ ಹತ್ತಿದವು. ೧೨೭೩ರಲ್ಲಿ ಕಾಲವಾದ ಜಲಾಲುದ್ದೀನ್ ರೂಮಿಯ ಮಸ್ನವಿಯಲ್ಲಿ ಒಬ್ಬ ಕಳ್ಳನ ಪ್ರಸಂಗವಿದೆ. ಅವನು ಪರರ ತೋಟಕ್ಕೆ ನುಗ್ಗಿ ಮರವನ್ನೇರಿ ಹಣ್ಣು ಉದುರಿಸುತ್ತಿರುವಾಗ ಒಡೆಯನು ಬಂದನು. ದೇವರ ತೋಟ, ದೇವರ ಹಣ್ಣು, ದೇವರ ದಾಸನು ತಿಂದರೆ ನಿನಗೇನೆಂದು ಕಳ್ಳನ ವೇದಾಂತ. ಒಡೆಯನು ಅವನನ್ನು ಮರಕ್ಕೆ ಕಟ್ಟಿ ಬಾರಿಸತೊಡಗಿದನು. ಕಳ್ಳನು ಅರಚಿಕೊಳ್ಳಲು, ದೇವರ ದೊಣ್ಣೆ, ದೇವರ ಬೆನ್ನು, ನಾನೂ ಆತನ ದಾಸನೇ ಎಂದನು. ತನಗೆ ಆಯ್ಕೆಯುಂಟು, ಖಂಡಿತ ಉಂಟೆಂದು ಕಳ್ಳನು ಒಪ್ಪಿಕೊಂಡನು. ಮಸ್ನವಿಯ ಮೊದಲ ಭಾಗದಲ್ಲಿ ಸಿಂಹಕ್ಕೂ ಕಾಡಿನ ಮೃಗಗಳಿಗೂ ನಡೆಯುವ ದೀರ್ಘವಾದ ವಾದವೊಂದಿದೆ; ದೈವವನ್ನು ನಂಬಿ ಸುಮ್ಮನಿರೆಂದು ಮೃಗಗಳು, ದುಡಿಯದೆ ನಂಬುವುದು ನಂಬಿಕೆಯಲ್ಲವೆಂದು ಸಿಂಹ. ಕೊನೆಗೆ ಸಿಂಹವನ್ನು ಬಾವಿಗೆ ಬೀಳಿಸುವ ಮೊಲ ನಮಗೆಲ್ಲ ಬಾಲ್ಯದಿಂದ ಪರಿಚಿತವಾದದ್ದೇ. ನಮ್ಮ ಪಂಚತಂತ್ರದ ಕಥೆಗಳು ಆರನೆಯ ಶತಮಾನದಲ್ಲಿ ಪಾರಸಿಕರಿಗೆ ಹೋಗಿ, ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಕಫ್ಫನ ಕೈಯಲ್ಲಿ ಅರಬ್ಬಿಯಾಗಿ, ರೂಮಿಯ ಹೊತ್ತಿಗೆ ದೈವ-ಪುರುಷಕಾರಗಳ ಚರ್ಚೆಗೆ ವೇದಿಕೆಯಾದವು. ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ಪಂಚತಂತ್ರವನ್ನು ತಂದ ದುರ್ಗಸಿಂಹನಿಗೆ ಆ ಕಥಾಕುಟುಂಬದ ಮೊಲವೊಂದು ಪಶ್ಚಿಮದಲ್ಲಿ ಧರ್ಮಶಾಸ್ತ್ರ ಕಲಿಯುವುದೆಂದು ತಿಳಿದಿದ್ದರೆ ಸಂತೋಷವಾಗುತ್ತಿತ್ತೋ ಏನೋ.

ಈಚಿನ ಕಾಲದಲ್ಲಿ ವಿಧಿವಾದವನ್ನು ಕಟುವಾಗಿ ಟೀಕಿಸಿದವರು ಮಹಮ್ಮದ್ ಇಕ್ಬಾಲರು. ೧೯೨೯ರ ಜನವರಿಯಲ್ಲಿ ಮದರಾಸಿನಲ್ಲಿ ಉಪನ್ಯಾಸಗಳನ್ನು ಮಾಡಿ ಅವರು ಬೆಂಗಳೂರು ಮೈಸೂರುಗಳಿಗೂ ಬಂದಿದ್ದರು. ಶ್ರೀರಂಗಪಟ್ಟಣಕ್ಕೆ ಹೋಗಿ ಟೀಪು ಸುಲ್ತಾನನ ಗೋರಿಯನ್ನು ಕಂಡರು. ೧೯೩೦ರಲ್ಲಿ ಪುಸ್ತಕವಾದ ಆ ಉಪನ್ಯಾಸಮಾಲೆಯಲ್ಲಿ, ಶತಮಾನಗಳಿಂದ ಮುಸಲ್ಮಾನ ದೇಶಗಳಲ್ಲಿ ಬೇರೂರಿದ ಕಿಸ್ಮತ್ತಿನ ಭಾವನೆಯನ್ನು ಅವರು ಅರಸರ ಸ್ವಾರ್ಥಕ್ಕೂ ತತ್ತ್ವಜ್ಞರ ದೌರ್ಬಲ್ಯಕ್ಕೂ ಜೋಡಿಸಿ ಹೇಳಿದ್ದಾರೆ. ದೈವಸಂಕಲ್ಪವೆಂದರೆ ಹೊರಗಿನಿಂದ ಹೇರಿದ ಹಣೆಬರಹವಲ್ಲ, ವಸ್ತುವಿನ ಒಳಗೇ ಇರುವ ಸಾಧ್ಯತೆಗಳೆಂದು ಅವರ ವ್ಯಾಖ್ಯಾನ.

ಇಲ್ಲಿಯವರೆಗಿನ ಚರ್ಚೆ ಬೆಟ್ಟದ ಮೇಲಿನ ಮಾತಾಯಿತು. ಅದು ಮನೆಯಂಗಳಕ್ಕೆ ಇಳಿಯುವುದು ಇನ್ನೊಂದು ಪ್ರಶ್ನೆಯಲ್ಲಿ: ಒಬ್ಬನು ಮುಸಲ್ಮಾನನಾಗಿರುವುದು ದೇವರ ಸಂಕಲ್ಪದಿಂದಲೋ, ತಾಯಿತಂದೆಗಳಿಂದಲೋ, ತನ್ನ ಆಯ್ಕೆಯಿಂದಲೋ? ಪ್ರತಿಯೊಂದು ಮಗುವೂ ಒಂದು ಸಹಜಪ್ರಕೃತಿಯಲ್ಲಿ ಹುಟ್ಟುತ್ತದೆ, ಆಮೇಲೆ ತಾಯಿತಂದೆಗಳು ಅದನ್ನು ಯೆಹೂದಿಯನ್ನಾಗಿಯೋ ಕ್ರೈಸ್ತನನ್ನಾಗಿಯೋ ಅಗ್ನಿಪೂಜಕನನ್ನಾಗಿಯೋ ಮಾಡುತ್ತಾರೆಂಬ ಅರ್ಥದ ಪೈಗಂಬರರ ಮಾತೊಂದು ಪ್ರಸಿದ್ಧವಾಗಿದೆ. ಸಾಮಾನ್ಯರು ಇದನ್ನು ತಮ್ಮ ಧರ್ಮದ ಹೆಮ್ಮೆಯಾಗಿ ಓದಿದರೆ, ಅಲ್ ಘಜಾಲಿಯವರು (೧೦೫೮–೧೧೧೧) ತಮಗೇ ಎಸೆದ ಸವಾಲಾಗಿ ಓದಿಕೊಂಡರು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗುತ್ತಾರೆ, ಯೆಹೂದಿಗಳ ಮಕ್ಕಳು ಯೆಹೂದಿಗಳಾಗುತ್ತಾರೆ, ಮುಸಲ್ಮಾನರ ಮಕ್ಕಳು ಮುಸಲ್ಮಾನರಾಗುತ್ತಾರೆ. ಹಾಗಾದರೆ ನನ್ನ ನಂಬಿಕೆಯೂ ಹಿರಿಯರಿಂದ ಬಂದ ಅನುಕರಣೆಯಲ್ಲದೆ ಮತ್ತೇನು ಎಂಬ ಪ್ರಶ್ನೆ ತಮ್ಮನ್ನು ಎಳೆಯ ವಯಸ್ಸಿನಲ್ಲಿಯೇ ಕಾಡಿತೆಂದು ಅವರು ತಮ್ಮ ಆತ್ಮಕಥನದಲ್ಲಿ ತಿಳಿಸಿದ್ದಾರೆ. ೧೦೯೫ರಲ್ಲಿ ಬಾಗ್ದಾದಿನ ನಿಜಾಮಿಯ ವಿದ್ಯಾಲಯದ ದೊಡ್ಡ ಹುದ್ದೆಯನ್ನು ಬಿಟ್ಟು ಅವರು ಹೊರಟುಹೋದರು. ಮರಳಿ ಇಸ್ಲಾಮಿಗೇ ಬಂದರೆಂಬುದು ಸರಿ. ಆದರೆ ಹುಟ್ಟಿದ ಮನೆಗೆ ಮತ್ತೊಂದು ಬಾಗಿಲಿನಿಂದ ಬಂದರು. ಪೈಗಂಬರರ ಹೆಸರನ್ನೇ ಕೇಳದವರಿಗೂ, ವಿಕೃತವಾಗಿ ಮಾತ್ರ ಕೇಳಿದವರಿಗೂ ದೇವರ ಕ್ಷಮೆಯುಂಟೆಂದು ಬರೆದವರೂ ಅವರೇ.

ಇತರರನ್ನು ಮುಸಲ್ಮಾನನಲ್ಲವೆನ್ನುವ ಅಧಿಕಾರ ಯಾರಿಗೆ? ಪೈಗಂಬರರ ಕಾಲದಲ್ಲಿಯೇ ಉಸಾಮ ಎಂಬ ತರುಣನು ಯುದ್ಧದಲ್ಲಿ ಒಬ್ಬ ಶತ್ರುವನ್ನು ಅಡ್ಡಗಟ್ಟಿದಾಗ ಆತನು ದೇವರೊಬ್ಬನೇ ಎಂಬ ಸಾಕ್ಷ್ಯವಚನವನ್ನು ಉಚ್ಚರಿಸಿದನು. ಪ್ರಾಣಭಯದಿಂದ ಹೇಳಿದನೆಂದೆಣಿಸಿ ಉಸಾಮನು ಅವನನ್ನು ಕೊಂದನು. ಅವನ ಎದೆಯನ್ನು ಸೀಳಿ ನೋಡಿದೆಯಾ ಎಂಬ ಅರ್ಥದ ಪ್ರಶ್ನೆಯನ್ನು ಪೈಗಂಬರರು ಮತ್ತೆ ಮತ್ತೆ ಕೇಳಿ ಆತನನ್ನು ಗದರಿಸಿದರೆಂದು ಹದೀಸಿನಲ್ಲಿದೆ.

ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬ ೨ನೆಯ ಅಧ್ಯಾಯದ ವಾಕ್ಯವನ್ನು ಇಂದು ಎಲ್ಲರೂ ಉದಾಹರಿಸುತ್ತಾರೆ. ಅದು ಹುಟ್ಟಿದ ಸಂದರ್ಭವನ್ನು ಹೇಳುವವರು ಕಡಮೆ. ಮದೀನದಲ್ಲಿ, ಇಸ್ಲಾಮಿಗೆ ಮೊದಲು, ಹುಟ್ಟಿದ ಮಕ್ಕಳು ಉಳಿಯದ ತಾಯಂದಿರು ಮಗು ಬದುಕಿದರೆ ಯೆಹೂದಿಯಾಗಿ ಬೆಳೆಸುವೆನೆಂದು ಹರಕೆ ಹೊರುತ್ತಿದ್ದರಂತೆ. ೬೨೫ರಲ್ಲಿ ಬನೂ ನದೀರ್ ಎಂಬ ಯೆಹೂದಿ ಕುಲ ಮದೀನವನ್ನು ಬಿಡಬೇಕಾದಾಗ ಅವರ ನಡುವೆ ಇಂಥ ಮಕ್ಕಳೂ ಇದ್ದರು. ಅಷ್ಟರಲ್ಲಿ ಮುಸಲ್ಮಾನರಾಗಿದ್ದ ಹೆತ್ತವರು ತಮ್ಮ ಮಕ್ಕಳನ್ನು ಹೋಗಗೊಡಲು ಒಪ್ಪಲಿಲ್ಲ. ಆ ವಾಕ್ಯ ಆಗ ಇಳಿದುಬಂತೆಂದು ಒಂದು ಪರಂಪರೆ. ಹಾಗಾದರೆ ಬಲಾತ್ಕಾರವಿಲ್ಲವೆಂಬ ನಿಯಮದ ಮೊದಲ ಬೆಲೆಯನ್ನು ತೆತ್ತವರು, ಹರಕೆಯ ಮಕ್ಕಳು ದೂರ ಹೋಗುವುದನ್ನು ನೋಡುತ್ತ ನಿಂತ ತಾಯಿತಂದೆಗಳೇ.

ಆದರೆ ಒಳಗೆ ಬಂದವನು ಹೊರಗೆ ಹೋಗಬಹುದೇ? ಇಲ್ಲಿ ಹಳೆಯ ಧರ್ಮಶಾಸ್ತ್ರಜ್ಞರು ಕಠಿಣರಾದರು. ಧರ್ಮವನ್ನು ಬಿಟ್ಟ ವಯಸ್ಕ ಪುರುಷನಿಗೆ, ಪಶ್ಚಾತ್ತಾಪಕ್ಕೆ ಕರೆದ ಮೇಲೂ ಮರಳದಿದ್ದರೆ, ಮರಣದಂಡನೆಯೆಂದು ಪ್ರಧಾನ ಶಾಸ್ತ್ರಸಂಪ್ರದಾಯಗಳು ವಿಧಿಸಿದವು. ಸ್ತ್ರೀಗೆ ಸೆರೆ ಮಾತ್ರವೆಂದು ಹನಫಿಗಳು. ಕುರಾನಿನಲ್ಲಿ ಇದಕ್ಕೆ ಇಹಲೋಕದ ಶಿಕ್ಷೆ ಹೇಳಿಲ್ಲವೆಂದೂ, ಆ ವಿಧಿ ರಾಜದ್ರೋಹಕ್ಕೆ ಸಂಬಂಧಿಸಿದುದೆಂದೂ ಆಧುನಿಕ ಪಂಡಿತರಲ್ಲಿ ಅನೇಕರು ವಾದಿಸಿದ್ದಾರೆ. ಕೆಲವು ದೇಶಗಳ ಕಾನೂನಿನಲ್ಲಿ ಅದು ಇನ್ನೂ ಉಳಿದಿದೆ. ಸುಡಾನ್ ದೇಶ ೨೦೨೦ರಲ್ಲಿ ತೆಗೆದುಹಾಕಿತು. ೧೯೪೮ರ ಡಿಸೆಂಬರ್ ೧೦ರಂದು ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ, ಧರ್ಮವನ್ನು ಬದಲಾಯಿಸುವ ಹಕ್ಕನ್ನು ಹೇಳುವ ೧೮ನೆಯ ವಿಧಿಯ ಮೇಲೆ ಮುಸಲ್ಮಾನ ರಾಷ್ಟ್ರಗಳಲ್ಲಿಯೇ ಭಿನ್ನಾಭಿಪ್ರಾಯ ಕಂಡಿತು. ಸೌದಿ ಅರೇಬಿಯ ಆಕ್ಷೇಪಿಸಿ ಮತ ಕೊಡದೆ ಉಳಿಯಿತು. ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫ್ರುಲ್ಲಾ ಖಾನರು, ತನ್ನ ಕಡೆಗೆ ಇತರರನ್ನು ಕರೆಯುವ ಧರ್ಮವು ಇತರರಿಗೂ ಆ ಹಕ್ಕನ್ನು ಕೊಡಬೇಕೆಂಬ ರೀತಿಯಲ್ಲಿ ಅದನ್ನು ಬೆಂಬಲಿಸಿದರು. ಆ ಖಾನರು ಅಹ್ಮದೀಯ ಪಂಥದವರು. ೧೯೭೪ರಲ್ಲಿ ಅದೇ ಪಾಕಿಸ್ತಾನ ತನ್ನ ಸಂವಿಧಾನವನ್ನು ತಿದ್ದಿ ಅಹ್ಮದೀಯರು ಮುಸಲ್ಮಾನರಲ್ಲವೆಂದು ಸಾರಿತು.

ನಮ್ಮ ನೆರೆಯ ಮದರಾಸಿನ ಹೈಕೋರ್ಟು ಇದೇ ಪ್ರಶ್ನೆಯನ್ನು ೧೯೨೨ರಲ್ಲಿ ಒಂದು ಸಂಸಾರದ ಮೊಕದ್ದಮೆಯಲ್ಲಿ ಎದುರಿಸಿತು. ಗಂಡನು ಅಹ್ಮದೀಯನಾದನು, ಅಲ್ಲಿಗೆ ಅವನು ಇಸ್ಲಾಮನ್ನೂ ತಾನು ಅವನ ಮದುವೆಯನ್ನೂ ಬಿಟ್ಟಂತಾಯಿತೆಂದು ಹೆಂಡತಿ ಮತ್ತೊಬ್ಬನನ್ನು ಮದುವೆಯಾದಳು. ಅಹ್ಮದೀಯನೂ ಮುಸಲ್ಮಾನನೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಗಂಡನ ಧರ್ಮ ಉಳಿಯಿತು. ಮೊದಲ ಮದುವೆಯೂ ಉಳಿಯಿತು. ಆ ಹೆಣ್ಣಿನ ಎರಡನೆಯ ಮದುವೆ ಅಪರಾಧದ ಕಕ್ಷೆಗೆ ಬಂತು.

ಪಂಜಾಬಿನಲ್ಲಿ ಹೆಂಗಸರ ಪಾಡು ಮತ್ತೊಂದು ಬಗೆಯದಾಗಿತ್ತು. ಆಗ ಬ್ರಿಟಿಷ್ ನ್ಯಾಯಾಲಯಗಳು ಅನುಸರಿಸುತ್ತಿದ್ದ ಹನಫೀ ಕಾನೂನಿನಲ್ಲಿ ಹೆಂಡತಿಗೆ ವಿವಾಹವಿಚ್ಛೇದನದ ದಾರಿ ಬಹಳ ಕಿರಿದು. ಗಂಡನು ಎಲ್ಲಿಯೋ ಮಾಯವಾದರೂ, ಅನ್ನಬಟ್ಟೆ ಕೊಡದಿದ್ದರೂ ಅವಳು ಕಾಯಬೇಕು. ಆದರೆ ಇಸ್ಲಾಮನ್ನು ಬಿಟ್ಟೆನೆಂದರೆ ಮದುವೆ ತಾನಾಗಿ ಮುರಿದುಬೀಳುತ್ತಿತ್ತು. ೧೯೨೦ರ ದಶಕದಿಂದ ಎಷ್ಟೋ ಹೆಂಗಸರು ನ್ಯಾಯಾಲಯದ ಮುಂದೆ ಹೀಗೆಯೇ ಹೇಳಿ ಬಿಡುಗಡೆ ಪಡೆದರು. ಅವರು ನಿಜವಾಗಿ ಧರ್ಮವನ್ನು ಬಿಟ್ಟರೋ, ಗಂಡನನ್ನು ಬಿಡಲು ಧರ್ಮದ ಹೆಸರನ್ನು ಬಿಟ್ಟರೋ? ಎದೆಯನ್ನು ಸೀಳಿ ನೋಡುವವರಾರು! ದೇವಬಂದದ ಪರಂಪರೆಯ ದೊಡ್ಡ ಪಂಡಿತರಾದ ಅಷ್ರಫ್ ಅಲೀ ಥಾನವಿಯವರು, ೧೯೩೦ರ ದಶಕದ ಮೊದಲಿನಲ್ಲಿ, ಹನಫಿಗಳು ಇಂಥ ಕಷ್ಟದಲ್ಲಿ ಮಾಲಿಕೀ ಸಂಪ್ರದಾಯದ ಉದಾರವಾದ ಕಾರಣಗಳನ್ನು ಅಂಗೀಕರಿಸಬಹುದೆಂದು ಗ್ರಂಥವನ್ನೇ ಬರೆದರು. ಮದುವೆಯಿಂದ ಹೊರಬರಲು ಮತ್ತೊಂದು ಬಾಗಿಲಿದ್ದರೆ ಧರ್ಮದ ಬಾಗಿಲನ್ನು ಯಾರೂ ಹಾಗೆ ತಟ್ಟುವುದಿಲ್ಲವೆಂದು ಅವರ ಲೆಕ್ಕ.

ಇದರ ಫಲವಾಗಿ ೧೯೩೯ರಲ್ಲಿ ಮುಸ್ಲಿಂ ವಿವಾಹ ವಿಸರ್ಜನೆಯ ಕಾಯಿದೆ ಬಂತು. ಗಂಡನ ಸುಳಿವು ೪ ವರ್ಷ ಇಲ್ಲದಿದ್ದರೆ, ೨ ವರ್ಷ ಅನ್ನಬಟ್ಟೆಗೆ ಕೊಡದಿದ್ದರೆ, ಅವನಿಗೆ ೭ ವರ್ಷ ಅಥವಾ ಹೆಚ್ಚಿನ ಸೆರೆಯಾದರೆ, ಕ್ರೌರ್ಯದಿಂದ ನಡೆಸಿಕೊಂಡರೆ ಹೆಂಡತಿಯು ವಿಚ್ಛೇದನವನ್ನು ಕೇಳಬಹುದು. ಇಂಥ ಮೊಕದ್ದಮೆಗಳನ್ನು ಮುಸಲ್ಮಾನ ನ್ಯಾಯಾಧೀಶರೇ ವಿಚಾರಿಸಬೇಕೆಂದು ಥಾನವಿಯವರು ಬಯಸಿದ್ದರು; ಅದು ಕಾಯಿದೆಯಲ್ಲಿ ಸೇರಲಿಲ್ಲ. ೪ನೆಯ ಕಲಮಿನ ಪ್ರಕಾರ, ಹೆಂಡತಿಯು ಇಸ್ಲಾಮನ್ನು ಬಿಟ್ಟ ಮಾತ್ರದಿಂದ ಮದುವೆ ಮುರಿಯುವುದಿಲ್ಲ. ಬೇರೆ ಧರ್ಮದಿಂದ ಇಸ್ಲಾಮಿಗೆ ಬಂದಿದ್ದವಳು ತನ್ನ ಹಿಂದಿನ ಧರ್ಮಕ್ಕೆ ಮರಳಿದರೆ ಮಾತ್ರ ಈ ಕಲಮು ಅವಳಿಗೆ ಅನ್ವಯಿಸದು. ಹಳೆಯ ನಿಯಮವೇ ನಿಲ್ಲುತ್ತದೆ. ಕಾಯಿದೆ ಭಾರತದಲ್ಲಿ ಇಂದಿಗೂ ಜಾರಿಯಲ್ಲಿದೆ. ಹುಟ್ಟಿನಿಂದ ಮುಸಲ್ಮಾನಳಾದವಳು ಧರ್ಮವನ್ನು ಬಿಟ್ಟ ಮೇಲೂ ಅದೇ ಗಂಡನ ಹೆಂಡತಿಯಾಗಿ ಉಳಿದು, ಬಿಡುಗಡೆ ಬೇಕಾದರೆ ಕಾಯಿದೆ ಹೇಳಿದ ಕಾರಣಗಳಲ್ಲೊಂದನ್ನು ಹಿಡಿದು ನ್ಯಾಯಾಲಯದಲ್ಲಿ ದಾವೆ ಹೂಡಬೇಕಾಗುತ್ತದೆ.